ಅಂತೇವಾಸಿಯೋ, ಭೃತಕನೋ?

ಕೈಯೂ ಬುದ್ಧಿಯೂ ಜೊತೆಯಾಗಿ ಬೆಳೆಯಬೇಕೆಂಬ ಮಾತು ಈಗ ರಾಜಧಾನಿಯ ಸಭಾಭವನಗಳಿಂದ ಹಿಡಿದು ನಮ್ಮ ಬಾಳೂರಿನ ಅಂಗಡಿಯ ಜಗಲಿಯವರೆಗೂ ಕೇಳಿಬರುತ್ತಿದೆ. ಪಾಲಿಟೆಕ್ನಿಕ್ಕಿನ ಹುಡುಗನು ಪುಸ್ತಕವನ್ನೋದಿ ಪರೀಕ್ಷೆಗೆ ಕುಳಿತರೆ ಸಾಲದು, ಕಾರ್ಖಾನೆಯಲ್ಲಿ ನಿಂತು ಕೆಲಸವನ್ನೂ ಮಾಡಬೇಕು. ಅದಕ್ಕಾಗಿ ಕಾನೂನನ್ನು ಸಡಿಲಿಸಬೇಕು, ಯೋಜನೆಗಳನ್ನು ಹಿಗ್ಗಿಸಬೇಕು, ಸಾವಿರವಿದ್ದುದು ಲಕ್ಷವಾಗಬೇಕು, ಲಕ್ಷವಿದ್ದುದು ಕೋಟಿಯಾಗಬೇಕು ಎಂದು ಹೇಳುವವರಿಗೆ ಕೊರತೆಯಿಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತು, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಹಳ್ಳಿಯ ಮಕ್ಕಳಿಗೆ ಪಾಠ ಹೇಳಿ, ಈಗ ನಿವೃತ್ತನಾಗಿ ಮನೆಯಲ್ಲಿ ಕುಳಿತಿರುವ ನನ್ನಂಥವನು ಈ ವಿಷಯದಲ್ಲಿ ಬಾಯಿ ತೆರೆದರೆ, ಶಬ್ದರೂಪಗಳನ್ನು ಉರುಹೊಡೆದವನಿಗೆ ಲೇತಿನ ಗೊಡವೆಯೇಕೆಂದು ಕೇಳುವವರು ಉಂಟು. ಕೇಳಲಿ. ನನ್ನೆದುರು ಕುಳಿತು ಅಕ್ಷರ ತಿದ್ದಿದ ಮಕ್ಕಳೇ ಇಂದು ಆ ಲೇತಿನ ಮುಂದೆ ನಿಂತಿರುವಾಗ, ಆ ಗೊಡವೆ ನನ್ನದಲ್ಲವೆಂದು ನಾನು ಹೇಳುವುದು ಹೇಗೆ?

ಮೊದಲು ಒಂದು ತಪ್ಪುತಿಳಿವಳಿಕೆಯನ್ನು ನಿವಾರಿಸಿಬಿಡುತ್ತೇನೆ. ಕೈಕೆಲಸವನ್ನು ಕೀಳೆಂದು ಭಾವಿಸುವ ಪಕ್ಷ ನನ್ನದಲ್ಲ. ಒಂದು ಕಾಲದಲ್ಲಿ ಆಗಿದ್ದಿತು. ಪಂಚೆಗೆ ಮಣ್ಣು ತಾಗದಂತೆ ಬದುಕುವುದೇ ವಿದ್ಯೆಯ ಲಕ್ಷಣವೆಂದು ನಂಬಿದ್ದ ವರ್ಗದಲ್ಲಿಯೇ ನಾನು ಹುಟ್ಟಿದವನು. ಆ ನಂಬಿಕೆಯಿಂದ ನಾಡಿಗಾದ ನಷ್ಟವನ್ನು ನಾನು ಬಲ್ಲೆ. ೧೯೧೭ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿಸಿದ ವಿಶ್ವೇಶ್ವರಯ್ಯನವರು ಕುಶಲಕಸಬುಗಳ ಶಿಕ್ಷಣಕ್ಕೂ ಅಷ್ಟೇ ಮುತುವರ್ಜಿ ವಹಿಸಿದರು. ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸಬಿನ ಮೂಲಕವೇ ಶಿಕ್ಷಣ ನಡೆಯಬೇಕೆಂದರು. ೧೯೬೪ರಿಂದ ೧೯೬೬ರವರೆಗೆ ಕೆಲಸಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವು ವಿದ್ಯೆಯ ಅಂಗವಾಗಬೇಕೆಂದು ಸೂಚಿಸಿತು. ಈ ಹಿರಿಯರ ಮಾತಿನ ಮುಂದೆ ನಾನು ತಲೆಬಾಗುತ್ತೇನೆ. ನನ್ನ ಜಗಳವಿರುವುದು ಕೆಲಸದೊಡನೆ ಅಲ್ಲ. ಪಾಠವೆಂಬ ಹೆಸರಿನಿಂದ ಬರಿಯ ಕೆಲಸವನ್ನು ಮಾಡಿಸಿಕೊಳ್ಳುವುದರೊಡನೆ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ನಡೆದುಬಂದ ದಾರಿಯನ್ನು ಸ್ವಲ್ಪ ನೋಡೋಣ. ೧೮೫೦ರಲ್ಲಿ ಕಂಪೆನಿ ಸರ್ಕಾರದವರು ಅನಾಥರನ್ನೂ ಬಡವರ ಮಕ್ಕಳನ್ನೂ ಕಸಬುದಾರರಲ್ಲಿ ಕರಾರಿನ ಮೇಲೆ ಬಿಡುವುದಕ್ಕಾಗಿ ಒಂದು ಶಾಸನವನ್ನು ಮಾಡಿದರು. ಸ್ವಾತಂತ್ರ್ಯಾನಂತರ ೧೯೬೧ರಲ್ಲಿ ನಮ್ಮ ಪಾರ್ಲಿಮೆಂಟು ಹೊಸ ಅಧಿನಿಯಮವನ್ನು ರಚಿಸಿತು. ೧೯೭೩ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ, ೧೯೮೬ರ ತಿದ್ದುಪಡಿಯಿಂದ ವೃತ್ತಿಶಿಕ್ಷಣದ ವಿದ್ಯಾರ್ಥಿಗಳೂ ಅದರೊಳಗೆ ಬಂದರು. ೨೦೧೪ರ ತಿದ್ದುಪಡಿಯು, ನಿಯಮ ಮುರಿದ ಮಾಲೀಕರಿಗಿದ್ದ ಸೆರೆವಾಸವನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. ಕೆಲಸದ ಗಂಟೆಗಳನ್ನು ಗೊತ್ತುಮಾಡುವ ಅಧಿಕಾರವನ್ನು ಮಾಲೀಕರ ಕೈಗೇ ಕೊಟ್ಟಿತು. ಒಂದು ಕಾರ್ಖಾನೆಯಲ್ಲಿರುವ ಆಳುಗಳಲ್ಲಿ ನೂರಕ್ಕೆ ಹತ್ತರವರೆಗೆ ಇಂಥ ಕಲಿಯುವವರಿರಬಹುದೆಂದಿದ್ದುದನ್ನು ೨೦೧೯ರಲ್ಲಿ ಹದಿನೈದಕ್ಕೆ ಏರಿಸಲಾಯಿತು. ೨೦೨೪ರಲ್ಲಿ ಕೇಂದ್ರ ಸರ್ಕಾರವು ಐದು ವರ್ಷಗಳಲ್ಲಿ ಒಂದು ಕೋಟಿ ತರುಣರಿಗೆ ೫೦೦ ದೊಡ್ಡ ಕಂಪೆನಿಗಳಲ್ಲಿ ಇಂಟರ್ನ್‌ಶಿಪ್ ಕೊಡಿಸುವುದಾಗಿ ಸಾರಿತು. ನಮ್ಮ ರಾಜ್ಯದಲ್ಲಿಯೂ ೨೦೨೦–೨೧ರಿಂದ ಜಾರಿಗೆ ಬಂದ ಡಿಪ್ಲೊಮಾ ಪಾಠಕ್ರಮದಲ್ಲಿ ಕೊನೆಯದಾದ ಆರನೆಯ ಸೆಮಿಸ್ಟರನ್ನು ಇಂಟರ್ನ್‌ಶಿಪ್ಪಿಗೆ ಅಥವಾ ಪ್ರಾಜೆಕ್ಟಿಗೆ ಬಿಡಲಾಯಿತು. ಕಟ್ಟಡವು ಅಗಲವಾಗುತ್ತಲೇ ಇದೆ. ತಳಪಾಯವನ್ನು ನೋಡಿದವರು ಮಾತ್ರ ಕಡಮೆ.

ಆ ತಳಪಾಯವು ಯಾವುದೆಂದರೆ ೧೯೬೧ರ ಅಧಿನಿಯಮದ ೧೮ನೆಯ ಪ್ರಕರಣ. ಕಲಿಯಲು ಬಂದವನು ವಿದ್ಯಾರ್ಥಿಯೇ ಹೊರತು ಕೆಲಸಗಾರನಲ್ಲ. ಕಾರ್ಮಿಕರಿಗಾಗಿ ಇರುವ ಕಾನೂನುಗಳು ಅವನಿಗೆ ಅನ್ವಯಿಸತಕ್ಕವಲ್ಲ ಎಂದು ಅದರ ತಾತ್ಪರ್ಯ. ಸರ್ಕಾರದ ಕನ್ನಡದಲ್ಲಿ ಅವನಿಗೆ ‘ಶಿಶಿಕ್ಷು’ ಎಂದು ಹೆಸರು. ಈ ರೂಪವನ್ನು ವೈಯಾಕರಣರು ಒಪ್ಪುವರೋ ಬಿಡುವರೋ, ಆ ಚರ್ಚೆ ಇಲ್ಲಿ ಬೇಡ. ಕಲಿಯಬೇಕೆಂಬ ಇಚ್ಛೆಯುಳ್ಳವನೆಂಬುದು ಅದನ್ನು ಟಂಕಿಸಿದವರ ಅಭಿಪ್ರಾಯ. ಅಭಿಪ್ರಾಯವೇನೋ ಸುಂದರವಾಗಿದೆ. ವಿದ್ಯಾರ್ಥಿಯೆಂದು ಹೇಳಿದ ಮೇಲೆ ವಿದ್ಯೆ ಕೊಡತಕ್ಕದ್ದು ನ್ಯಾಯ. ಅಧಿನಿಯಮವೂ ಕೆಲವು ಕಟ್ಟುಗಳನ್ನು ಹಾಕಿದೆ: ಬರವಣಿಗೆಯ ಕರಾರು ಇರಬೇಕು, ಕಸಬು ಬಲ್ಲವನೊಬ್ಬನು ಕಲಿಸುವ ಹೊಣೆಯನ್ನು ಹೊರಬೇಕು, ಗಾಯವಾದರೆ ಮಾಲೀಕನು ಪರಿಹಾರ ಕೊಡಬೇಕು, ಅಧಿಕಾರಿಯ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಗಂಟೆಗಳ ಕೆಲಸ ಮಾಡಿಸಬಾರದು. ಆದರೆ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಈ ಕಟ್ಟುಗಳೆಲ್ಲವೂ ಆ ಅಧಿನಿಯಮದ ಮೇರೆಗೆ ಕರಾರು ನೋಂದಾಯಿಸಿಕೊಂಡವನಿಗೆ ಮಾತ್ರ. ಪಾಠಕ್ರಮದ ಅಂಗವಾಗಿ ಕಾಲೇಜಿನಿಂದ ಒಂದು ಪತ್ರವನ್ನು ಹಿಡಿದು ಇಂಟರ್ನ್‌ಶಿಪ್ಪಿಗೆ ಹೋದ ಹುಡುಗನು ಆ ಅಂಗಳದಲ್ಲಿಯೂ ಇಲ್ಲ, ಈ ಅಂಗಳದಲ್ಲಿಯೂ ಇಲ್ಲ. ಅವನು ಕಾರ್ಮಿಕನಲ್ಲವಾದ ಕಾರಣ ಕಾರ್ಮಿಕರ ರಕ್ಷಣೆ ಇಲ್ಲ. ನೋಂದಾಯಿತ ಶಿಶಿಕ್ಷುವೂ ಅಲ್ಲವಾದ ಕಾರಣ ಆ ರಕ್ಷಣೆಯೂ ಇಲ್ಲ. ತ್ರಿಶಂಕುವಿಗಾದರೂ ತಲೆಕೆಳಗಾಗಿ ನಿಲ್ಲಲು ಒಂದು ಸ್ವರ್ಗವಿದ್ದಿತು.

ನಾನು ಊಹೆಯಿಂದ ಬರೆಯುತ್ತಿಲ್ಲ. ನನ್ನ ಶಿಷ್ಯನೊಬ್ಬನ ಸಂಗತಿಯನ್ನು ಹೇಳುತ್ತೇನೆ. ಅವನ ತಂದೆ ನಮ್ಮ ಸೀಮೆಯ ಕಾಫಿ ತೋಟಗಳಲ್ಲಿ ಮರಗಸಿ ಮಾಡುವವನು. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳನ್ನೇರಿ, ಕೆಳಗಿರುವ ಕಾಫಿ ಗಿಡದ ಒಂದು ರೆಕ್ಕೆಯೂ ಮುರಿಯದಂತೆ ಕೊಂಬೆಯನ್ನು ಕಡಿದಿಳಿಸುವುದು ಎಷ್ಟು ನಾಜೂಕಿನ, ಎಷ್ಟು ಅಪಾಯದ ಕೆಲಸವೆಂಬುದನ್ನು ಮಲೆನಾಡಿನವರಿಗೆ ನಾನು ವಿವರಿಸಬೇಕಾದುದಿಲ್ಲ. ಮಗನು ಹಾಗೆ ಮರ ಹತ್ತಬಾರದೆಂದು ತಂದೆ ಸಾಲಮಾಡಿ ಪಾಲಿಟೆಕ್ನಿಕ್ಕಿಗೆ ಸೇರಿಸಿದನು. ಹುಡುಗನು ಬುದ್ಧಿವಂತ, ಮೆಕ್ಯಾನಿಕಲ್ ವಿಭಾಗದಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದನು. ಕೊನೆಯ ಸೆಮಿಸ್ಟರಿನಲ್ಲಿ ಬಯಲುಸೀಮೆಯ ಒಂದು ಕಾರ್ಖಾನೆಗೆ ಇಂಟರ್ನ್‌ಶಿಪ್ಪಿಗೆಂದು ಹೋದನು. ಹಬ್ಬಕ್ಕೆ ಊರಿಗೆ ಬಂದಾಗ ನನ್ನನ್ನು ನೋಡಲು ಬಂದನು.

“ಏನಪ್ಪಾ, ಯಾವ ಯಂತ್ರದ ಮೇಲೆ ಕೈ ಪಳಗಿತು?” ಎಂದು ಕೇಳಿದೆ.

“ಯಂತ್ರವೇನೂ ಇಲ್ಲ ಮೇಷ್ಟ್ರೇ. ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದು, ಲಾರಿಗೆ ತುಂಬುವುದು. ರಾತ್ರಿಯ ಪಾಳಿ” ಎಂದನು.

“ಕಾಲೇಜಿಗೆ ದಿನಚರಿ ಬರೆದುಕೊಡಬೇಕಲ್ಲ?”

“ಪುಸ್ತಕ ನೋಡಿ ಬರೆಯುತ್ತೇವೆ. ಅವರು ರುಜು ಹಾಕುತ್ತಾರೆ.”

ಇದಾದ ಎರಡು ತಿಂಗಳಿಗೆ ತಗಡಿನ ಅಂಚು ತಾಗಿ ಅವನ ಬಲದ ಅಂಗೈ ಸೀಳಿಹೋಯಿತು. ಕಾರ್ಖಾನೆಯ ಕಚೇರಿಯವರು, ನೀನು ನಮ್ಮ ಕೆಲಸಗಾರನಲ್ಲ, ಕಾಲೇಜಿನ ವಿದ್ಯಾರ್ಥಿ ಎಂದರು. ಕಾಲೇಜಿನಲ್ಲಿ ಕೇಳಿದರೆ, ಪೆಟ್ಟಾದುದು ಕಾರ್ಖಾನೆಯಲ್ಲಿ, ನಾವೇನು ಮಾಡಲಾದೀತು ಎಂದರು. ಆಸ್ಪತ್ರೆಯ ಖರ್ಚನ್ನು ತಂದೆಯೇ ತೆತ್ತನು. ಅವನು ನನ್ನ ಮನೆಯ ಮೆಟ್ಟಿಲಲ್ಲಿ ಕುಳಿತು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ಮೇಷ್ಟ್ರೇ, ನನ್ನ ಸಂಗಡ ಬರುವ ಹುಡುಗನನ್ನು ಮರ ಹತ್ತಿಸುವ ಮೊದಲು ಎರಡು ಹಂಗಾಮು ಕೆಳಗೇ ನಿಲ್ಲಿಸಿಕೊಳ್ಳುತ್ತೇನೆ. ಹಗ್ಗ ಹಿಡಿಯುವುದನ್ನು ತೋರಿಸುತ್ತೇನೆ, ಕತ್ತಿ ಬೀಸುವುದನ್ನು ತೋರಿಸುತ್ತೇನೆ. ಅವರು ಇವನಿಗೆ ಏನು ತೋರಿಸಿದರು?” ಓದುಬರಹವಿಲ್ಲದ ಆ ಮನುಷ್ಯನು ಕೇಳಿದ ಪ್ರಶ್ನೆಯೇ ಈ ಲೇಖನದ ಸಾರಸರ್ವಸ್ವ. ಕೂಲಿ ಕೊಡುವ ಹೊತ್ತಿಗೆ ಅವನ ಮಗ ವಿದ್ಯಾರ್ಥಿಯಾದನು. ಪಾಠ ಹೇಳುವ ಹೊತ್ತಿಗೆ ಕೆಲಸಗಾರನಾದನು. ಗಾಯವಾದ ಹೊತ್ತಿಗೆ ಯಾರೂ ಅಲ್ಲದವನಾದನು.

ಇನ್ನು ನನಗೆ ತಿಳಿದ ವಿದ್ಯೆಯಿಂದ ಒಂದೆರಡು ಮಾತು. ನಮ್ಮ ಧರ್ಮಶಾಸ್ತ್ರಕಾರರು ಈ ಪ್ರಶ್ನೆಯನ್ನು ಎದುರಿಸಿದ್ದರೆಂಬುದನ್ನು ಕೇಳಿ ಅನೇಕರು ಬೆರಗಾಗುವರು. ನಾರದನು ಸೇವೆಮಾಡುವವರನ್ನು ಶಿಷ್ಯ, ಅಂತೇವಾಸಿ, ಭೃತಕ, ಅಧಿಕರ್ಮಕೃತ್, ದಾಸ ಎಂದು ಐದು ಬಗೆಯಾಗಿ ವಿಂಗಡಿಸುತ್ತಾನೆ. ಇಲ್ಲಿ ಶಿಷ್ಯನೆಂದರೆ ವೇದವನ್ನು ಕಲಿಯುವವನು; ಅಂತೇವಾಸಿಯೆಂದರೆ ಶಿಲ್ಪವನ್ನು, ಎಂದರೆ ಕಸಬನ್ನು ಕಲಿಯುವವನು; ಭೃತಕನೆಂದರೆ ಕೂಲಿಗೆ ದುಡಿಯುವವನು. ಅಂತೇವಾಸಿಗೂ ಭೃತಕನಿಗೂ ನಡುವೆ ಗೆರೆಯೆಳೆದು ಶಾಸ್ತ್ರಕಾರನು ಮುಂದುವರಿಯುತ್ತಾನೆ: ಅಂತೇವಾಸಿಯು ಬಂಧುಗಳ ಒಪ್ಪಿಗೆಯಿಂದ, ಇಷ್ಟು ಕಾಲವೆಂದು ಮೊದಲೇ ಗೊತ್ತುಮಾಡಿಕೊಂಡು ಆಚಾರ್ಯನಲ್ಲಿ ವಾಸಮಾಡತಕ್ಕದ್ದು, ಆಚಾರ್ಯನು ಅವನಿಗೆ ತನ್ನ ಮನೆಯಲ್ಲಿಯೇ ಊಟವಿಕ್ಕಿ ಕಲಿಸತಕ್ಕದ್ದು, ಮಗನಂತೆ ಕಾಣತಕ್ಕದ್ದು, ಬೇರೆ ಕೆಲಸವನ್ನು ಮಾಡಿಸತಕ್ಕದ್ದಲ್ಲ. ಬೇಗನೆ ಕಲಿತುಬಿಟ್ಟರೂ ಗೊತ್ತಾದ ಕಾಲದವರೆಗೆ ಅಂತೇವಾಸಿಯು ಅಲ್ಲಿಯೇ ಇರಬೇಕು. ಆಗಿನ ಅವನ ದುಡಿಮೆಯ ಫಲ ಆಚಾರ್ಯನದು. ಯಾಜ್ಞವಲ್ಕ್ಯನೂ ಇದನ್ನೇ ಹೇಳುತ್ತಾನೆ. ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಈ ವಿವಾದಪದವನ್ನು ವಿವರಿಸಿದ್ದಾನೆ. ಮಾಲೀಕನ ಲಾಭವನ್ನು ಶಾಸ್ತ್ರವು ಮರೆಯಲಿಲ್ಲವೆಂಬುದನ್ನು ಗಮನಿಸಬೇಕು. ಕಲಿಸಿದವನಿಗೆ ಫಲವುಂಟು, ಆದರೆ ಕಲಿಸಿದ ಮೇಲೆ.

ಎಲ್ಲಕ್ಕಿಂತ ತೀಕ್ಷ್ಣವಾದುದು ಕಾತ್ಯಾಯನನ ಮಾತು. ಅವನ ಸ್ಮೃತಿಯು ಪೂರ್ಣವಾಗಿ ಉಳಿದುಬಂದಿಲ್ಲ. ನಿಬಂಧಗಳಲ್ಲಿ ಚೆದರಿದ್ದ ಶ್ಲೋಕಗಳನ್ನು ಪಾಂಡುರಂಗ ವಾಮನ ಕಾಣೆಯವರು ಒಟ್ಟುಗೂಡಿಸಿ ೧೯೩೩ರಲ್ಲಿ ಪ್ರಕಟಿಸಿದರು. ಶಿಲ್ಪವನ್ನು ಕಲಿಸದೆ ಬೇರೆ ಕೆಲಸಗಳನ್ನು ಮಾಡಿಸುವ ಆಚಾರ್ಯನು ಪೂರ್ವಸಾಹಸವೆಂಬ ದಂಡಕ್ಕೆ ಗುರಿಯಾಗುವನು, ಶಿಷ್ಯನು ಅವನನ್ನು ಬಿಟ್ಟುಹೋಗಬಹುದು ಎಂದು ಕಾತ್ಯಾಯನನ ನಿರ್ಣಯ. ಪೂರ್ವಸಾಹಸವೆಂದರೆ ಮನುವಿನ ಲೆಕ್ಕದಲ್ಲಿ ೨೫೦ ಪಣ. ಪೆಟ್ಟಿಗೆಗೆ ಚೀಟಿ ಅಂಟಿಸಲು ನಿಯೋಜಿತನಾದ ನನ್ನ ಶಿಷ್ಯನಿಗೆ ಈ ಒಂದು ನಿಯಮವಿದ್ದಿದ್ದರೆ ಸಾಕಾಗಿತ್ತು. ಅವನು ಬಿಟ್ಟುಬಂದಿದ್ದರೆ ಇಂದಿನ ವ್ಯವಸ್ಥೆಯಲ್ಲಿ ದಂಡ ಅವನಿಗೇ. ಅಂಕ ಹೋಗುತ್ತಿತ್ತು, ಡಿಪ್ಲೊಮಾ ಹೋಗುತ್ತಿತ್ತು.

ಹಾಗಾದರೆ ಸ್ಮೃತಿಕಾಲಕ್ಕೆ ಹಿಂದಿರುಗೋಣವೆನ್ನುತ್ತೀರಾ ಎಂದು ಕೇಳುವವರಿಗೆ ಉತ್ತರವನ್ನು ಸ್ಪಷ್ಟವಾಗಿ ಹೇಳುತ್ತೇನೆ: ಇಲ್ಲ. ಆ ಶಾಸ್ತ್ರವು ಕಸಬನ್ನು ಜಾತಿಗೆ ಕಟ್ಟಿಹಾಕಿದ್ದಿತು; ಓಡಿಹೋದ ಅಂತೇವಾಸಿಯನ್ನು ಹೊಡೆದು ಕಟ್ಟಿಡಬಹುದೆಂದಿತು; ಹೆಣ್ಣುಮಕ್ಕಳನ್ನು ನೆನೆಯಲೇ ಇಲ್ಲ. ಅವೆಲ್ಲವೂ ತ್ಯಾಜ್ಯ. ಆದರೆ ಕಲಿಯುವವನಿಗೂ ಕೂಲಿಯವನಿಗೂ ಭೇದವನ್ನು ಹೇಳಿ, ಆ ಭೇದವನ್ನು ಅಳಿಸಿದ ಆಚಾರ್ಯನಿಗೆ ಅಂಥ ಶಾಸ್ತ್ರವೂ ದಂಡ ವಿಧಿಸಿರುವಾಗ, ಸಮಾನತೆಯ ಸಂವಿಧಾನವನ್ನು ಪಡೆದ ನಾವು ಅಷ್ಟನ್ನಾದರೂ ಮಾಡಬೇಡವೇ? ಇದು ಹಳೆಯ ಕಾಲದ ಮಾತೆನ್ನುವವರು ಜರ್ಮನಿಯನ್ನು ನೋಡಲಿ. ಕೆಲಸ ಮತ್ತು ಓದುಗಳ ಜೋಡಣೆಗೆ ಎಲ್ಲರೂ ಮಾದರಿಯಾಗಿ ತೋರಿಸುವ ಆ ದೇಶದಲ್ಲಿ ೧೯೬೯ರ ಕಾನೂನು, ಕಲಿಕೆಯ ಉದ್ದೇಶಕ್ಕೆ ಒದಗುವ ಕೆಲಸವನ್ನೇ ಕಲಿಯುವವನಿಗೆ ಕೊಡತಕ್ಕದ್ದೆಂದು ವಿಧಿಸಿತು. ಕಾತ್ಯಾಯನನನ್ನು ಓದದೆಯೇ ಅವರು ಕಾತ್ಯಾಯನನ ಮಾತಿಗೆ ಬಂದರು. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಾರ್ಖಾನೆ ಎಂಬ ಅವರ ಏರ್ಪಾಡನ್ನು ನಾವು ಹೊಗಳುತ್ತೇವೆ. ಆ ಏರ್ಪಾಡನ್ನು ಎತ್ತಿಹಿಡಿದಿರುವ ಈ ಕಟ್ಟಳೆಯನ್ನು ಮಾತ್ರ ತರುವುದಿಲ್ಲ.

ಇಲ್ಲಿ ಕೆಲವು ಆಕ್ಷೇಪಗಳು ಬರುತ್ತವೆ. ಬಿಗಿಯಾದ ಕಟ್ಟಳೆಗಳನ್ನು ಮಾಡಿದರೆ ಮಾಲೀಕರು ಹುಡುಗರನ್ನು ಸೇರಿಸಿಕೊಳ್ಳುವುದೇ ಇಲ್ಲವೆಂಬುದು ಮೊದಲನೆಯದು. ಕಲಿಸುವ ಇಚ್ಛೆಯಿಲ್ಲದವನು ಸೇರಿಸಿಕೊಳ್ಳದಿದ್ದರೆ ವಿದ್ಯೆಗೆ ನಷ್ಟವೇನು? ನಷ್ಟವಾಗುವುದು ಅಗ್ಗದ ಆಳಿಗೆ ಮಾತ್ರ. ಮನಸ್ಸಿದ್ದವರು ಕಲಿಸಬಲ್ಲರೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೃಷ್ಟಾಂತಗಳಿವೆ. ಡೆನ್ಮಾರ್ಕಿನ ನೆರವಿನಿಂದ ೧೯೭೨ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಮೂರು ವರ್ಷಗಳ ಕಾಲ ತನ್ನ ಯಂತ್ರಗಳ ಮೇಲೆಯೇ ಕೈ ಪಳಗಿಸಿ, ಆಮೇಲೆ ಒಂದು ವರ್ಷ ಕಾರ್ಖಾನೆಗೆ ಕಳುಹಿಸುವ ಕ್ರಮವು ಬೆಳೆದುಬಂದಿದೆ. ಮೊದಲು ಕಲಿಕೆ, ಆಮೇಲೆ ಕೆಲಸ. ಬಿಡದಿಯಲ್ಲಿ ಟೊಯೋಟಾ ಕಂಪೆನಿಯವರು ೨೦೦೭ರಲ್ಲಿ ತೆರೆದ ಸಂಸ್ಥೆಯು ಹಳ್ಳಿಯ ಬಡಮಕ್ಕಳನ್ನು ವಸತಿಯೊಡನೆ ಮೂರು ವರ್ಷ ಇಟ್ಟುಕೊಂಡು ಕಲಿಸುವ ಪದ್ಧತಿಯನ್ನು ಹಾಕಿತು. ಊಟವಿಕ್ಕಿ ಕಲಿಸಬೇಕೆಂಬ ನಾರದನ ಮಾತು ಅಲ್ಲಿ ಸಾರ್ಥಕವಾಯಿತು. ಹೀಗೆ ಮಾಡಬಲ್ಲವರು ಇರುವಾಗ, ಮಾಡಲಾಗದೆನ್ನುವವರ ನೆಪವನ್ನು ಒಪ್ಪುವುದೇಕೆ?

ಯಾವ ಕೆಲಸವಾದರೇನು, ಅನುಭವವಾಯಿತಲ್ಲ ಎಂಬುದು ಎರಡನೆಯ ಆಕ್ಷೇಪ. ಕಳಸದ ಆಚೆಯ ಕುದುರೆಮುಖವನ್ನು ನೆನೆಯಿರಿ. ೧೯೭೬ರಲ್ಲಿ ಕಂಪೆನಿ ಸ್ಥಾಪಿತವಾಗಿ, ಕಾಡಿನ ನಡುವೆ ಊರೊಂದು ಎದ್ದು, ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ ೨೦೦೫ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ಕಾಡನ್ನೂ ಭದ್ರೆಯನ್ನೂ ಉಳಿಸಲು ಅದು ನಿಂತದ್ದು ಸರಿಯೇ. ಆದರೆ ಒಂದು ಕಾರ್ಖಾನೆ ಶಾಶ್ವತವಲ್ಲವೆಂಬ ಪಾಠವನ್ನು ನಮ್ಮ ಮಲೆನಾಡು ಕಣ್ಣಾರೆ ಕಂಡಿತು. ಕಸಬನ್ನು ಬೇರುಸಹಿತ ಬಲ್ಲವನು ಇಲ್ಲಿ ಬಾಗಿಲು ಮುಚ್ಚಿದರೆ ಅಲ್ಲಿ ಅನ್ನ ಸಂಪಾದಿಸುವನು. ಚೀಟಿ ಅಂಟಿಸುವುದನ್ನಷ್ಟೇ ಬಲ್ಲವನು ಹೊತ್ತುಕೊಂಡು ಹೋಗುವುದಾದರೂ ಏನನ್ನು?

ಇದು ಕೇಂದ್ರದ ವಿಷಯ, ರಾಜ್ಯದ ಕೈಯಲ್ಲಿಲ್ಲವೆಂಬುದು ಮೂರನೆಯ ಆಕ್ಷೇಪ. ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯ ೨೫ನೆಯ ನಮೂದನ್ನು ಓದಿದರೆ ಈ ನೆಪ ನಿಲ್ಲದು. ತಾಂತ್ರಿಕ ಶಿಕ್ಷಣವೂ ಕಾರ್ಮಿಕರ ವೃತ್ತಿತರಬೇತಿಯೂ ಅಲ್ಲಿ ಉಭಯರಿಗೂ ಸೇರಿವೆ. ೧೯೬೧ರ ಅಧಿನಿಯಮಕ್ಕೆ ವಿರುದ್ಧವಾಗಿ ಶಾಸನಮಾಡಲು ರಾಷ್ಟ್ರಪತಿಗಳ ಒಪ್ಪಿಗೆ ಬೇಕಾದೀತು, ನಿಜ. ಆದರೆ ಕಾಲೇಜಿನ ಇಂಟರ್ನ್‌ಶಿಪ್ಪು ಆ ಅಧಿನಿಯಮದ ಹೊರಗೆ ಬಿದ್ದಿದೆಯೆಂದೇ ನಾನು ಮೇಲೆ ಹೇಳಿದ್ದು. ಹುಡುಗನನ್ನು ಕಳುಹಿಸುವ ಪಾಠಕ್ರಮವು ರಾಜ್ಯದ್ದು, ಪರೀಕ್ಷೆ ರಾಜ್ಯದ್ದು, ಅಂಕಪಟ್ಟಿ ರಾಜ್ಯದ್ದು. ಹೊಣೆ ಮಾತ್ರ ದೆಹಲಿಯದೆಂದರೆ ಯಾರು ನಂಬುವರು?

ಆದುದರಿಂದ ನಮ್ಮ ಶಾಸನಕರ್ತರಲ್ಲಿ ಈ ಬಡ ಉಪಾಧ್ಯಾಯನ ಬಿನ್ನಹವಿಷ್ಟು. ಇನ್ನೊಬ್ಬನೇ ಒಬ್ಬ ವಿದ್ಯಾರ್ಥಿಯನ್ನು ಈ ಯೋಜನೆಗಳಿಗೆ ಸೇರಿಸುವ ಮೊದಲು, ಹುಡುಗ, ಕಾಲೇಜು, ಕಾರ್ಖಾನೆ ಈ ಮೂವರ ನಡುವೆ ಬರವಣಿಗೆಯ ಕರಾರು ಕಡ್ಡಾಯವಾಗಲಿ. ಯಾವ ಯಾವ ಕೆಲಸವನ್ನು ಎಷ್ಟು ಕಾಲ ಕಲಿಸಬೇಕೆಂಬುದು ಅದರಲ್ಲಿರಲಿ. ಕಾರ್ಖಾನೆಯಲ್ಲಿ ಕಲಿಸುವವನು ಯಾರೆಂಬುದು ಹೆಸರು ಹಿಡಿದು ಗೊತ್ತಿರಲಿ. ಕಾಲೇಜಿನ ಉಪಾಧ್ಯಾಯನು ತಿಂಗಳಿಗೊಮ್ಮೆಯಾದರೂ ಹೋಗಿ ಕಣ್ಣಾರೆ ನೋಡಿಬರಲಿ, ಅದಕ್ಕೆ ಅವನಿಗೆ ಪ್ರಯಾಣವೆಚ್ಚವನ್ನೂ ಬಿಡುವನ್ನೂ ಕೊಡಲಿ. ಕಲಿಸದೆ ಬೇರೆ ಕೆಲಸ ಮಾಡಿಸಿದವನಿಗೆ ದಂಡವಾಗಲಿ, ಬಿಟ್ಟುಬಂದ ವಿದ್ಯಾರ್ಥಿಗೆ ಅಂಕನಷ್ಟವಿಲ್ಲದೆ ಬೇರೆ ಸ್ಥಳ ದೊರೆಯಲಿ. ಗಾಯಕ್ಕೆ ಪರಿಹಾರವು ಇಂಟರ್ನ್‌ಶಿಪ್ಪಿನವನಿಗೂ ದೊರೆಯಲಿ. ೨೦೧೯ರ ನಿಯಮದಲ್ಲಿ ನೋಂದಾಯಿತ ಶಿಶಿಕ್ಷುಗಳಿಗೆ ಅವರ ಓದಿಗೆ ತಕ್ಕಂತೆ ತಿಂಗಳಿಗೆ ೫,೦೦೦ದಿಂದ ೯,೦೦೦ ರೂಪಾಯಿಗಳವರೆಗೆ ಕನಿಷ್ಠ ಶಿಷ್ಯವೇತನವನ್ನು ಗೊತ್ತುಮಾಡಿದ್ದರು. ಬೆಂಗಳೂರಿನಲ್ಲಿ ಕೋಣೆಯ ಬಾಡಿಗೆ ಕೊಟ್ಟು ಊಟಮಾಡುವವನಿಗೆ ಅದು ಎಷ್ಟರಮಟ್ಟಿಗೆ ಸಾಲುತ್ತದೆಂಬುದನ್ನು ಗೃಹಿಣಿಯರೇ ಹೇಳಲಿ. ಇಂಟರ್ನ್‌ಶಿಪ್ಪಿನವನಿಗೆ ಕಾನೂನಿನಿಂದ ಅಷ್ಟೂ ಇಲ್ಲ. ಹೆಣ್ಣುಮಕ್ಕಳಿಗಂತೂ ನಿರ್ಭಯವಾದ ವಸತಿಯಿಲ್ಲದೆ ಈ ಮಾತೆಲ್ಲವೂ ವ್ಯರ್ಥ.

ಮತ್ತೊಂದು ಮಾತು. ನಮ್ಮ ಮಕ್ಕಳನ್ನು ಬೆಂಗಳೂರಿಗೇ ಅಟ್ಟಬೇಕೆಂಬ ನಿಯಮವಾದರೂ ಏಕೆ? ಬಾಲೆಹೊನ್ನೂರಿನ ಬಳಿ ೧೯೨೫ರಿಂದ ಕಾಫಿ ಸಂಶೋಧನೆ ನಡೆದಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆಯ ಕಾಲೇಜಿದೆ. ಚಿಕ್ಕಮಗಳೂರಿನಲ್ಲಿ ಕಾಫಿ ಸಂಸ್ಕರಿಸುವ ಕಾರ್ಖಾನೆಗಳಿವೆ. ತೋಟತೋಟದಲ್ಲಿ ಪಲ್ಪರು, ಪಂಪು, ವಿದ್ಯುತ್ ಮೋಟಾರುಗಳಿವೆ. ಹಣ್ಣಿನ ಹಂಗಾಮಿನ ನಡುವೆ ಪಲ್ಪರು ಕೆಟ್ಟು ನಿಂತಾಗ ರಿಪೇರಿಯವನಿಗಾಗಿ ದಿನಗಟ್ಟಲೆ ಕಾಯುವ ತೋಟದವರನ್ನು ನಾನು ಕಂಡಿದ್ದೇನೆ. ಊರಿಗೆ ಬೇಕಾದ ವಿದ್ಯೆಯನ್ನು ಊರಿನಲ್ಲಿಯೇ ಕಲಿಸಲು ಕಾನೂನು ಎಡೆಕೊಟ್ಟರೆ, ಆ ತಂದೆಯ ಸಾಲವೂ ತೀರೀತು, ತೋಟದ ಹಣ್ಣೂ ಕೊಳೆಯದೆ ಉಳಿದೀತು.

ನನ್ನ ಶಿಷ್ಯನ ಅಂಗೈ ಮಾಯ್ದಿದೆ. ಡಿಪ್ಲೊಮಾವೂ ಕೈಸೇರಿತು, ಅದರಲ್ಲಿ ಇಂಟರ್ನ್‌ಶಿಪ್ಪಿಗೆ ಉತ್ತಮ ಶ್ರೇಣಿಯ ಅಂಕಗಳಿವೆ. ಅವನು ಕಲಿಯದ ವಿದ್ಯೆಗೆ ಸರ್ಕಾರದ ಮುದ್ರೆ ಬಿದ್ದಿದೆ. ಅರವತ್ತು ದಾಟಿದ ಉಪಾಧ್ಯಾಯನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೊಂದಿಲ್ಲ. ಮಾಡದ ಪಾಠಕ್ಕೆ ಹಾಜರಿ ಬರೆದ ಮೇಷ್ಟರನ್ನು ಇಲಾಖೆಯವರು ಅಮಾನತ್ತಿನಲ್ಲಿಡುವುದನ್ನು ನಾನು ಬಲ್ಲೆ. ಆ ಶಿಕ್ಷೆ ನ್ಯಾಯವಾದುದೇ. ಅದೇ ಅಪರಾಧವನ್ನು ಒಂದು ವ್ಯವಸ್ಥೆಯೇ ಮಾಡುತ್ತಿರುವಾಗ, ಅದನ್ನು ಇನ್ನಷ್ಟು ವಿಸ್ತರಿಸೋಣವೆನ್ನುವವರು ಮೊದಲು ಆ ಮರಗಸಿಯವನ ಪ್ರಶ್ನೆಗೆ ಉತ್ತರ ಹೇಳಲಿ: ಅವನ ಮಗನಿಗೆ ಏನನ್ನು ತೋರಿಸಿದಿರಿ?